ಹಿತ್ತಲಿನಲ್ಲಿ ಬಹುವಾರ್ಷಿಕ ಹೂಗಿಡಗಳು

ನಮ್ಮ ಹಳ್ಳಿಗಳಲ್ಲಿ ಹೂವು ಬೇಡವೆನ್ನುವ ಮನೆಯಿಲ್ಲ. ಬೆಳಗಿನ ಪೂಜೆಗೆ, ಹೆಣ್ಣುಮಕ್ಕಳ ಮುಡಿಗೆ, ಹಬ್ಬ ಹುಣ್ಣಿಮೆಗೆ, ಮದುವೆ ಮುಂಜಿಗೆ ಹೂವು ಬೇಕೇ ಬೇಕು. ಆದರೆ ಹೊಲ ತೋಟಗಳಿರುವ ಎಷ್ಟೋ ರೈತರ ಮನೆಗಳಿಗೇ ಇಂದು ಹೂವು ಸಂತೆಯಿಂದ ಮೊಳದ ಲೆಕ್ಕದಲ್ಲಿ ಬರುತ್ತಿದೆ. ವರಮಹಾಲಕ್ಷ್ಮಿ ವ್ರತ, ಗೌರಿ ಹಬ್ಬ ಮತ್ತು ದೀಪಾವಳಿಯ ಹಿಂದಿನ ದಿನ ಹೂವಿನ ಬೆಲೆ ಕೇಳಿದವರಿಗೆ ಇದರ ಕಷ್ಟ ಗೊತ್ತು. ಹಿತ್ತಲಿನಲ್ಲಿ ನಾಲ್ಕು ಮಾರು ಜಾಗ ಪಾಳು ಬಿದ್ದಿರುತ್ತದೆ; ಅಲ್ಲಿ ಪಾರ್ಥೇನಿಯಂ ಬೆಳೆದಿರುತ್ತದೆ; ಹೂವು ಮಾತ್ರ ಪೇಟೆಯಿಂದ ಬರುತ್ತದೆ.

ಕೆಲವರು ಗಿಡ ನೆಟ್ಟಿಲ್ಲವೆಂದಲ್ಲ. ನೆಟ್ಟಿದ್ದಾರೆ, ಆದರೆ ಗಿಡ ಹೂ ಬಿಡುತ್ತಿಲ್ಲ, ಇಲ್ಲವೇ ಎರಡು ವರ್ಷಕ್ಕೆ ಸತ್ತು ಹೋಗಿದೆ. "ನಮ್ಮ ಮನೆಗೆ ಮಲ್ಲಿಗೆ ಆಗಿಬರುವುದಿಲ್ಲ" ಎಂದು ಹೇಳುವ ತಾಯಂದಿರನ್ನು ನಾನು ಅನೇಕ ಊರುಗಳಲ್ಲಿ ಕಂಡಿದ್ದೇನೆ. ಮಲ್ಲಿಗೆ ಯಾರಿಗೂ ಆಗಿಬಾರದ ಗಿಡವಲ್ಲ. ಗಿಡದ ಸ್ವಭಾವ ತಿಳಿದು ನಾಲ್ಕು ಕೆಲಸಗಳನ್ನು ಕಾಲಕ್ಕೆ ಸರಿಯಾಗಿ ಮಾಡಿದರೆ ಅದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೂ ಕೊಡುತ್ತದೆ. ಆ ಕೆಲಸಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬಹುವಾರ್ಷಿಕ ಗಿಡಗಳೇ ಏಕೆ?

ಚೆಂಡುಹೂ, ಕೋಳಿಜುಟ್ಟು ಮುಂತಾದವು ಏಕವಾರ್ಷಿಕಗಳು. ಪ್ರತಿ ಸಲವೂ ಬೀಜ ಹಾಕಿ, ಸಸಿ ಮಾಡಿ, ನೆಟ್ಟು ಬೆಳೆಸಬೇಕು. ಬಿತ್ತನೆಯ ಕಾಲದಲ್ಲಿ ಹೊಲದ ಕೆಲಸವೇ ಮುಗಿಯದಿರುವಾಗ ಹಿತ್ತಲಿನ ಹೂವಿಗೆ ಸಮಯ ಸಿಗುವುದಿಲ್ಲ. ಬಹುವಾರ್ಷಿಕ ಗಿಡಗಳನ್ನು ಒಮ್ಮೆ ನೆಟ್ಟರೆ ಹಲವು ವರ್ಷ ಉಳಿಯುತ್ತವೆ. ಅವಕ್ಕೆ ಬೇಕಾಗುವ ಕೆಲಸ ವರ್ಷದಲ್ಲಿ ಕೆಲವೇ ದಿನಗಳದು. ಆದರೆ ಆ ಕೆಲವು ದಿನಗಳ ಕೆಲಸವನ್ನು ತಪ್ಪಿಸುವಂತಿಲ್ಲ. ನೆಡುವಾಗ ಮಾಡಿದ ತಪ್ಪೂ ಅಷ್ಟೇ. ಏಕವಾರ್ಷಿಕದಲ್ಲಿ ಅದು ಒಂದು ಹಂಗಾಮಿಗೆ ಮುಗಿಯುತ್ತದೆ, ಬಹುವಾರ್ಷಿಕದಲ್ಲಿ ವರ್ಷಗಟ್ಟಲೆ ಕಾಡುತ್ತದೆ.

ಜಾಗ ಮತ್ತು ನೀರು

ಹೂಗಿಡಗಳಿಗೆ ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೇಕು. ತೆಂಗು, ಮಾವು, ಹಲಸಿನ ನೆರಳಿನಲ್ಲಿ ನೆಟ್ಟ ಮಲ್ಲಿಗೆ ಹಸಿರಾಗಿ ಬೆಳೆದು ಬಳ್ಳಿಯಂತೆ ಹರಿಯುತ್ತದೆಯೇ ಹೊರತು ಹೂ ಕೊಡುವುದಿಲ್ಲ. ಅಲ್ಪ ನೆರಳನ್ನು ತಡೆದುಕೊಂಡು ಹೂ ಬಿಡುವುದರಲ್ಲಿ ಕನಕಾಂಬರ ಮೇಲು.

ಎರಡನೆಯದು ನೀರು ಬಸಿಯುವಿಕೆ. ನಮ್ಮ ಕಡೆ ಹೂಗಿಡಗಳನ್ನು ಬಚ್ಚಲ ನೀರು ಹರಿಯುವಲ್ಲಿ ನೆಡುವ ರೂಢಿಯಿದೆ. ನೀರು ಹೊರುವ ಶ್ರಮ ಉಳಿಯುತ್ತದೆ ಎಂಬುದು ನಿಜ. ಆದರೆ ಸದಾ ನೀರು ನಿಂತ ಮಣ್ಣಿನಲ್ಲಿ ಬೇರುಗಳಿಗೆ ಗಾಳಿ ದೊರೆಯುವುದಿಲ್ಲ. ಗಾಳಿಯಿಲ್ಲದ ಬೇರು ಮೊದಲು ಕಪ್ಪಾಗಿ ನಂತರ ಕೊಳೆಯುತ್ತದೆ. ಸೋಪು ಮತ್ತು ಸೋಡಾ ಬೆರೆತ ನೀರು ಮಣ್ಣನ್ನು ಕ್ಷಾರವಾಗಿಸುತ್ತದೆ. ಕ್ಷಾರ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಆದುದರಿಂದ ಬಚ್ಚಲ ನೀರನ್ನು ನೇರವಾಗಿ ಹೂವಿನ ಪಾತಿಗೆ ಬಿಡದೆ ಬಾಳೆ, ಕೆಸು ಮುಂತಾದ ಗಿಡಗಳ ಕಡೆಗೆ ತಿರುಗಿಸುವುದು ಒಳ್ಳೆಯದು. ಹೂವಿಗೆ ಬೇರೆ ನೀರಿಲ್ಲವೆಂದಾದರೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಳಸಬಹುದು.

ಗುಣಿಯನ್ನು ಬೇಸಿಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ಮಲ್ಲಿಗೆ, ದಾಸವಾಳದಂತಹ ಪೊದೆಗಳಿಗೆ 45 ಸೆಂ.ಮೀ. ಉದ್ದ, ಅಗಲ, ಆಳದ ಗುಣಿ ಸಾಕು. ಮೇಲ್ಮಣ್ಣನ್ನೂ ಅಡಿಮಣ್ಣನ್ನೂ ಬೇರೆ ಬೇರೆಯಾಗಿ ಹಾಕಿ, ತುಂಬುವಾಗ ಮೇಲ್ಮಣ್ಣಿಗೆ ಸುಮಾರು 10 ಕಿ.ಗ್ರಾಂ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲು ಮತ್ತು ಗೊಣ್ಣೆಹುಳು ಬರುತ್ತವೆ. ಮುಂಗಾರಿನ ಒಂದೆರಡು ಮಳೆಯಾದ ಮೇಲೆ ನೆಡುವುದು ಸೂಕ್ತ. ಕರಿಮಣ್ಣಿನ ಮತ್ತು ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು.

ಮಲ್ಲಿಗೆ

ಹಿತ್ತಲಿನ ಹೂಗಳಲ್ಲಿ ಮೊದಲ ಸ್ಥಾನ ಮಲ್ಲಿಗೆಗೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಉಡುಪಿಯ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆದಿರುವುದು ದೊಡ್ಡ ತೋಟಗಳಲ್ಲಲ್ಲ, ಮನೆಯ ಹಿತ್ತಲುಗಳಲ್ಲಿ. ಅಲ್ಲಿ ಹೂವನ್ನು ಬಾಳೆನಾರಿನಿಂದ ಕಟ್ಟಿ 'ಚೆಂಡು', 'ಅಟ್ಟೆ' ಎಂಬ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಮನೆಮಂದಿಯೆಲ್ಲ ಸೇರಿ ಮೊಗ್ಗು ಕಿತ್ತು ಕಟ್ಟಿ ಕಳುಹಿಸಿದರೆ ದಿನದ ಖರ್ಚಿಗೆ ಕಾಸಾಗುತ್ತದೆ. ಹಿತ್ತಲಿನ ಹೂವು ಸಂಸಾರಕ್ಕೆ ಆಧಾರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಿತ್ತಲಿಗೆ ದುಂಡು ಮಲ್ಲಿಗೆ ಮತ್ತು ಜಾಜಿ ಎರಡನ್ನೂ ನೆಡುವುದು ಲೇಸು. ದುಂಡು ಮಲ್ಲಿಗೆಯ ಸುಗ್ಗಿ ಬೇಸಿಗೆಯಲ್ಲಿ. ಅದು ಇಳಿದ ಮೇಲೂ ಮಳೆಗಾಲದಲ್ಲಿ ಜಾಜಿ ಹೂ ಕೊಡುತ್ತಿರುತ್ತದೆ. ದುಂಡು ಮಲ್ಲಿಗೆಗೆ ಗಿಡದಿಂದ ಗಿಡಕ್ಕೆ 1.2 ಮೀಟರ್, ಜಾಜಿಗೆ 1.5ರಿಂದ 2 ಮೀಟರ್ ಅಂತರ ಬೇಕು. ಬಲಿತ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ ಮರಳು ಮಿಶ್ರಿತ ಮಣ್ಣಿನಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಗಿಡದ ಬುಡದ ರೆಂಬೆಯನ್ನು ಬಗ್ಗಿಸಿ ಮಣ್ಣು ಮುಚ್ಚಿ, ಬೇರು ಬಂದ ಮೇಲೆ ಬೇರ್ಪಡಿಸುವ ಹಳೆಯ ಪದ್ಧತಿಯೂ ಉತ್ತಮವಾದುದೇ.

ಈಗ ಮುಖ್ಯವಾದ ಮಾತಿಗೆ ಬರೋಣ. ಒಮ್ಮೆ ಕ್ಷೇತ್ರ ಭೇಟಿಗೆ ಹೋಗಿದ್ದಾಗ ಒಬ್ಬ ತಾಯಿ ತಮ್ಮ ಮಲ್ಲಿಗೆ ಗಿಡ ತೋರಿಸಿದರು. ಆಳೆತ್ತರದ ಪೊದೆ. "ಬರೀ ಎಲೆ ಸ್ವಾಮಿ, ಹೂವೇ ಇಲ್ಲ. ಕಿತ್ತು ಹಾಕೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ" ಎಂದರು. ಎಷ್ಟು ವರ್ಷದಿಂದ ಸವರಿಲ್ಲವೆಂದು ಕೇಳಿದೆ. "ಹೂವಿನ ಗಿಡಕ್ಕೆ ಕತ್ತಿ ಹಾಕುವುದುಂಟೇ?" ಎಂದು ಅವರು ನನ್ನನ್ನೇ ಕೇಳಿದರು. ಆರು ವರ್ಷದಿಂದ ಆ ಗಿಡಕ್ಕೆ ಕತ್ತಿ ಮುಟ್ಟಿರಲಿಲ್ಲ. ಮೇಲಾಗಿ ದನದ ಕೊಟ್ಟಿಗೆಯ ಗಂಜಲ ನೇರವಾಗಿ ಅದರ ಬುಡಕ್ಕೆ ಹರಿಯುತ್ತಿತ್ತು.

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿಯಲ್ಲಿ ಹೂವಿಲ್ಲ. ಹೊಸ ಚಿಗುರು ಹೆಚ್ಚು ಬರಬೇಕಾದರೆ ಹಳೆಯದನ್ನು ಕತ್ತರಿಸಲೇಬೇಕು. ಗಂಜಲದಲ್ಲಿ ಸಾರಜನಕ ಹೆಚ್ಚು. ಸಾರಜನಕವೊಂದೇ ಅತಿಯಾದರೆ ಗಿಡ ಎಲೆಗೆ ತಿರುಗುತ್ತದೆಯೇ ಹೊರತು ಹೂವಿಗಲ್ಲ. ಗಂಜಲದ ಕಾಲುವೆಯನ್ನು ತಿಪ್ಪೆಯ ಕಡೆಗೆ ತಿರುಗಿಸಿ, ನವೆಂಬರ್ ಕೊನೆಯಲ್ಲಿ ಗಿಡವನ್ನು ಮೊಳದೆತ್ತರಕ್ಕೆ ಸವರಲು ಹೇಳಿದೆ. ಮರುವರ್ಷ ಯುಗಾದಿಯ ಹೊತ್ತಿಗೆ ಅದೇ ಊರಿಗೆ ಹೋದಾಗ ಆ ತಾಯಿ ಮಾತಾಡದೆ ಒಳಗೆ ಹೋಗಿ ಒಂದು ಮೊರದ ತುಂಬ ಮೊಗ್ಗು ತಂದಿಟ್ಟರು. ಗಿಡ ಅದೇ, ಮಣ್ಣು ಅದೇ; ಬದಲಾದುದು ಎರಡೇ ಕೆಲಸ.

ಸವರುವ ಕಾಲ: ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರದಲ್ಲಿ, ಜಾಜಿಯನ್ನು ಡಿಸೆಂಬರ್ ಮಧ್ಯದಲ್ಲಿ ಸವರಬೇಕು. ಅದಕ್ಕೆ ಮೊದಲು ಕೆಲವು ದಿನ ನೀರು ನಿಲ್ಲಿಸಬೇಕು. ದುಂಡು ಮಲ್ಲಿಗೆಯನ್ನು ನೆಲದಿಂದ 50 ಸೆಂ.ಮೀ. ಎತ್ತರಕ್ಕೆ ಹರಿತವಾದ ಕತ್ತರಿಯಿಂದ ಸವರಿ, ಒಣಗಿದ, ರೋಗ ಬಂದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಬುಡದಿಂದಲೇ ತೆಗೆಯಬೇಕು. ಮೊಂಡು ಮಚ್ಚಿನಿಂದ ಹೊಡೆದರೆ ಕಡ್ಡಿ ಸೀಳಿ ಅಲ್ಲಿಂದ ಕೊಳೆ ಆರಂಭವಾಗುತ್ತದೆ. ಫೆಬ್ರವರಿ ಮಾರ್ಚಿಯಲ್ಲಿ, ಚಿಗುರು ಹೂವಿಗೆ ಸಿದ್ಧವಾಗುತ್ತಿರುವಾಗ, ಸವರಿದರೆ ಆ ವರ್ಷದ ಹೂವನ್ನು ನಾವೇ ಕತ್ತರಿಸಿದಂತೆ.

ಗೊಬ್ಬರ: ಬೆಳೆದ ಗಿಡವೊಂದಕ್ಕೆ ವರ್ಷಕ್ಕೆ 10 ಕಿ.ಗ್ರಾಂ ಕೊಟ್ಟಿಗೆ ಗೊಬ್ಬರ, 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ ಮತ್ತು 120 ಗ್ರಾಂ ಪೊಟ್ಯಾಷ್ ಬೇಕು. ಅಂದರೆ ಸುಮಾರು 130 ಗ್ರಾಂ ಯೂರಿಯ, 750 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್, 200 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಇದರಲ್ಲಿ ಅರ್ಧ ಭಾಗವನ್ನು ಸವರಿದ ಮೇಲೆ, ಉಳಿದರ್ಧವನ್ನು ಜೂನ್ ಜುಲೈ ತಿಂಗಳಲ್ಲಿ ಕೊಡಬೇಕು. ಗೊಬ್ಬರವನ್ನು ಕಾಂಡಕ್ಕೆ ತಾಗಿಸದೆ ಒಂದು ಗೇಣು ದೂರದಲ್ಲಿ ಸುತ್ತಲೂ ಹಾಕಿ, ಮಣ್ಣು ಮುಚ್ಚಿ ನೀರು ಕೊಡಬೇಕು.

ದುಂಡು ಮಲ್ಲಿಗೆಯ ಬಲಿತ ಮೊಗ್ಗುಗಳನ್ನು ಬೆಳಗಿನ ಜಾವವೇ ಕೀಳಬೇಕು. ಸಂಜೆ ಅವು ಅರಳುತ್ತವೆ. ಬಿಸಿಲೇರಿದ ಮೇಲೆ ಕಿತ್ತ ಮೊಗ್ಗು ಬೇಗ ಬಾಡುತ್ತದೆ.

ಕನಕಾಂಬರ

ಕರಾವಳಿಯಲ್ಲಿ ಇದನ್ನು ಅಬ್ಬಲಿಗೆ ಎನ್ನುತ್ತಾರೆ. ಸುವಾಸನೆಯಿಲ್ಲದಿದ್ದರೂ ಬಣ್ಣ, ಹಗುರ ಮತ್ತು ಬಾಳಿಕೆಯ ಗುಣದಿಂದ ಮಲ್ಲಿಗೆಗೆ ಜೊತೆಯಾದ ಹೂವಿದು. ಜೋರು ಮಳೆಯ ತಿಂಗಳುಗಳಲ್ಲಿ ಕಡಿಮೆಯಾದರೂ ಬಹುಮಟ್ಟಿಗೆ ವರ್ಷವಿಡೀ ಹೂ ಬಿಡುತ್ತದೆ. ತೆನೆಯ ಬುಡದಿಂದ ತುದಿಯ ಕಡೆಗೆ ಹೂಗಳು ಅರಳುತ್ತ ಹೋಗುವುದರಿಂದ ದಿನ ಬಿಟ್ಟು ದಿನ ಬೆಳಿಗ್ಗೆ ಬಿಡಿಸಬೇಕು.

ಕಿತ್ತಳೆ ಬಣ್ಣದ ಸಾಮಾನ್ಯ ತಳಿಯನ್ನು ಬೀಜದಿಂದ ಬೆಳೆಸಬಹುದು. ಕಾಯಿ ಒಣಗಿ ನೀರು ತಗುಲಿದ ಕೂಡಲೆ ಸಿಡಿದು ಬೀಜ ಚೆಲ್ಲುವುದರಿಂದ, ಒಣಗಿದ ತೆನೆಗಳನ್ನು ಮಳೆ ಬೀಳುವ ಮುನ್ನ ಕತ್ತರಿಸಿಡಬೇಕು. ದೆಹಲಿ ಕನಕಾಂಬರವೆಂದು ಕರೆಯುವ ತಳಿ ಬೀಜ ಕಟ್ಟುವುದಿಲ್ಲ; ಅದನ್ನು ಕಡ್ಡಿಯಿಂದಲೇ ವೃದ್ಧಿ ಮಾಡಬೇಕು. ದೆಹಲಿ ಕನಕಾಂಬರದ 'ಬೀಜ' ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30ರಿಂದ 40 ಸೆಂ.ಮೀ. ಅಂತರ ಸಾಕು.

ಕನಕಾಂಬರದ ದೊಡ್ಡ ಶತ್ರು ಕಣ್ಣಿಗೆ ಕಾಣದ ಜಂತುಹುಳು. ಬೇರನ್ನು ತಿಂದು ಗಾಯ ಮಾಡುತ್ತದೆ. ಗಾಯದ ಮೂಲಕ ಸೊರಗು ರೋಗದ ಶಿಲೀಂಧ್ರ ಒಳಹೊಗುತ್ತದೆ. ಗಿಡ ಕುಳ್ಳಾಗಿ, ಎಲೆ ಹಳದಿ ಇಲ್ಲವೇ ನಸುಗೆಂಪಾಗಿ, ತೆನೆ ಸಣ್ಣದಾದರೆ ಗೊಬ್ಬರ ಸಾಲದೆಂದು ತಿಳಿಯದೆ ಒಂದು ಗಿಡ ಕಿತ್ತು ಬೇರು ನೋಡಿ. ಬೇರು ಕಪ್ಪಾಗಿ ಕುಂಠಿತವಾಗಿದ್ದರೆ ಕಾರಣ ಇದೇ. ಸತ್ತ ಗಿಡದ ಜಾಗದಲ್ಲೇ ಮತ್ತೆ ಕನಕಾಂಬರ ನೆಡುವುದು ದೊಡ್ಡ ತಪ್ಪು. ಆ ಜಾಗದಲ್ಲಿ ಒಂದು ಹಂಗಾಮು ಚೆಂಡುಹೂ ಬೆಳೆಯಿರಿ. ಅದರ ಬೇರಿನ ರಸ ಜಂತುಹುಳುಗಳನ್ನು ಕಡಿಮೆ ಮಾಡುತ್ತದೆ. ನಂತರ ಬೇವಿನ ಹಿಂಡಿ ಬೆರೆಸಿ ಹೊಸ ಸಸಿ ನೆಡಿ.

ಸುಗಂಧರಾಜ

ಗೆಡ್ಡೆಯಿಂದ ಬೆಳೆಯುವ ಈ ಗಿಡಕ್ಕೆ ಸಣ್ಣ ಮಡಿಯಾದರೂ ಸಾಕು. ಹಾರಕ್ಕೆ ಒಂಟಿ ಸುತ್ತಿನದು, ಹೂದಾನಿಗೆ ಜೋಡಿ ಸುತ್ತಿನದು ಸೂಕ್ತ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬಂದ ಶೃಂಗಾರ್ ಮತ್ತು ಪ್ರಜ್ವಲ್ ಒಂಟಿ ಸುತ್ತಿನವು. ಸುವಾಸಿನಿ ಮತ್ತು ವೈಭವ್ ಜೋಡಿ ಸುತ್ತಿನವು. 25ರಿಂದ 30 ಗ್ರಾಂ ತೂಕದ ಗೆಡ್ಡೆಗಳನ್ನು ಆರಿಸಿ, ಹೆಚ್ಚು ಆಳಕ್ಕಿಳಿಸದೆ, ಜೂನ್ ಜುಲೈನಲ್ಲಿ 30 x 20 ಸೆಂ.ಮೀ. ಅಂತರದಲ್ಲಿ ನೆಡಬೇಕು. ಮೂರರಿಂದ ನಾಲ್ಕು ತಿಂಗಳಿಗೆ ತೆನೆ ಬರುತ್ತದೆ.

ಒಂದು ಗೆಡ್ಡೆ ಒಮ್ಮೆ ಮಾತ್ರ ಹೂ ಬಿಡುತ್ತದೆ. ಅದರ ಸುತ್ತ ಹುಟ್ಟುವ ಮರಿಗೆಡ್ಡೆಗಳು ಮುಂದಿನ ವರ್ಷ ಹೂ ಕೊಡುತ್ತವೆ. ಎರಡು ಮೂರು ವರ್ಷಕ್ಕೆ ಗೆಡ್ಡೆಗಳು ಒತ್ತೊತ್ತಾಗಿ, ಎಲೆ ಮಾತ್ರ ಬಂದು ತೆನೆ ಕಡಿಮೆಯಾಗುತ್ತದೆ. ಆಗ ಎಲೆ ಹಳದಿಯಾದ ಕಾಲದಲ್ಲಿ ಅಗೆದು, ನೆರಳಿನಲ್ಲಿ ಒಂದು ತಿಂಗಳು ಒಣಗಿಸಿ, ದಪ್ಪನೆಯವನ್ನು ಆರಿಸಿ ಬೇರೆ ಮಡಿಯಲ್ಲಿ ನೆಡಬೇಕು.

ಸೇವಂತಿಗೆ

ಹೂ ಮುಗಿದ ಮೇಲೆ ಬುಡದಲ್ಲಿ ಏಳುವ ಮರಿಗಳನ್ನು ಬೇರು ಸಹಿತ ಬೇರ್ಪಡಿಸಿ ಬೆಳೆಸಿಕೊಂಡು, ಜೂನ್ ತಿಂಗಳಲ್ಲಿ 30 ಸೆಂ.ಮೀ. ಅಂತರಕ್ಕೆ ನೆಡಬೇಕು. ನಾಲ್ಕು ವಾರಗಳ ನಂತರ ತುದಿ ಚಿವುಟಿದರೆ ಪಕ್ಕದ ಕವಲುಗಳು ಒಡೆದು ಹೂ ಹೆಚ್ಚುತ್ತದೆ. ತಡವಾಗಿ ಚಿವುಟಿದರೆ ಮೊಗ್ಗೇ ಹೋಗುತ್ತದೆ.

ಸೇವಂತಿಗೆ ಹಗಲು ಕಿರಿದಾಗಿ ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ. ಆದುದರಿಂದಲೇ ಅದು ಚಳಿಗಾಲದ ಹೂವು. ರಾತ್ರಿಯಿಡೀ ಉರಿಯುವ ಬೀದಿದೀಪದ ಅಥವಾ ಜಗಲಿಯ ದೀಪದ ಬೆಳಕು ಅದರ ಮೇಲೆ ಬಿದ್ದರೆ ಗಿಡಕ್ಕೆ ರಾತ್ರಿಯಾದದ್ದೇ ತಿಳಿಯುವುದಿಲ್ಲ; ಮೊಗ್ಗು ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಗಿಡ ಆರೋಗ್ಯವಾಗಿದ್ದೂ ಹೂವಿಲ್ಲವೆಂದರೆ ಮೊದಲು ರಾತ್ರಿ ಹೋಗಿ ಗಿಡದ ಬಳಿ ನಿಂತು ನೋಡಿ.

ದಾಸವಾಳ, ನಂದಿಬಟ್ಟಲು, ಪಾರಿಜಾತ

ನಿತ್ಯದ ಪೂಜೆಗೆ ಈ ಮೂರು ಸಾಕು. ದಾಸವಾಳ ಮತ್ತು ನಂದಿಬಟ್ಟಲು ಕಡ್ಡಿಯಿಂದ ಸುಲಭವಾಗಿ ಬರುತ್ತವೆ. ವರ್ಷವಿಡೀ ಹೂ ಕೊಡುತ್ತವೆ. ದಾಸವಾಳಕ್ಕೆ ಒಂದು ದಿನ ತುಂಬ ನೀರು, ಮತ್ತೆ ವಾರ ಒಣಗು ಎಂಬಂತಾದರೆ ಮೊಗ್ಗು ಉದುರುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ಒಣಎಲೆ, ತೆಂಗಿನ ಸಿಪ್ಪೆ ಮುಚ್ಚಿದರೆ ತೇವ ಒಂದೇ ಸಮನಾಗಿ ಉಳಿಯುತ್ತದೆ.

ಪಾರಿಜಾತ ಬೀಜದಿಂದಲೂ ಕಡ್ಡಿಯಿಂದಲೂ ಬರುತ್ತದೆ. ಇರುಳಲ್ಲಿ ಅರಳಿ ಬೆಳಗಿಗೆ ಉದುರುವ ಹೂವಿದು. ನೆಲಕ್ಕೆ ಬಿದ್ದುದನ್ನು ದೇವರಿಗೆ ಏರಿಸುವ ವಾಡಿಕೆಯಿರುವುದರಿಂದ, ಅದರ ಬುಡವನ್ನು ಗುಡಿಸಿ ಸಾರಿಸಿಡಲು ಅನುಕೂಲವಾದ ಮೂಲೆಯಲ್ಲಿ ನೆಡಬೇಕು.

ಗುಲಾಬಿ ಮತ್ತು ಸಂಪಿಗೆ: ಗಿಡ ಕೊಳ್ಳುವಾಗಿನ ಎಚ್ಚರ

"ಕೆಂಪು ಗುಲಾಬಿ ತಂದು ನೆಟ್ಟೆವು, ಎರಡು ವರ್ಷಕ್ಕೆ ಬೇರೆ ಹೂ ಬಿಡಲು ಶುರುವಾಯಿತು" ಎಂಬ ದೂರು ಸಾಮಾನ್ಯ. ಗಿಡ ಮಾರಿದವರ ಮೋಸವೆಂದು ತಿಳಿಯಬೇಕಾಗಿಲ್ಲ. ಒಳ್ಳೆಯ ಗುಲಾಬಿಯನ್ನು ಒರಟು ಗುಲಾಬಿಯ ಬುಡದ ಮೇಲೆ ಕಣ್ಣು ಕಸಿ ಮಾಡಿರುತ್ತಾರೆ. ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರು ಒರಟು ಗುಲಾಬಿಯದು. ಅದು ಬೇಗ ಬೆಳೆದು ಮೇಲಿನ ಕಸಿಯನ್ನು ಸೊರಗಿಸುತ್ತದೆ. ಅಂತಹ ಚಿಗುರನ್ನು ಕಂಡ ಕೂಡಲೆ ಹುಟ್ಟಿದ ಸ್ಥಳದಿಂದಲೇ ಸಿಗಿದು ತೆಗೆಯಬೇಕು. ನೆಡುವಾಗ ಕಸಿಗಂಟು ಮಣ್ಣಿನ ಮೇಲಿರಲಿ. ಮಳೆಗಾಲ ಮುಗಿದ ಮೇಲೆ ಅಕ್ಟೋಬರ್ ತಿಂಗಳಲ್ಲಿ ಹೊರಮುಖವಾದ ಮೊಗ್ಗಿನ ಮೇಲ್ಭಾಗದಲ್ಲಿ ಓರೆಯಾಗಿ ಸವರಬೇಕು.

ಸಂಪಿಗೆ ದೊಡ್ಡ ಮರವಾಗುತ್ತದೆ. ಮನೆಯ ಗೋಡೆ, ಬಾವಿಕಟ್ಟೆಗಳಿಂದ ದೂರ, ಹಿತ್ತಲಿನ ಗಡಿಯಲ್ಲಿ ನೆಡಬೇಕು. ಬೀಜದ ಸಸಿ ಹೂ ಬಿಡಲು ಹಲವು ವರ್ಷ ಬೇಕು; ಕಸಿ ಗಿಡ ಬೇಗ ಹೂ ಬಿಡುತ್ತದೆ. ಬೀಜದಿಂದಲೇ ಮಾಡುವುದಾದರೆ ಮೇಲಿನ ಕೆಂಪು ತಿರುಳನ್ನು ತೊಳೆದು ತೆಗೆದು, ತಾಜಾ ಇರುವಾಗಲೇ ಬಿತ್ತಬೇಕು. ಒಣಗಿಸಿಟ್ಟ ಬೀಜ ಮೊಳೆಯುವುದಿಲ್ಲ.

ಕಣಗಿಲೆಯ ವಿಷಯ

ಕಣಗಿಲೆ ಬರವನ್ನು ತಡೆಯುವ, ಆರೈಕೆ ಬೇಡದ, ಸದಾ ಹೂ ಬಿಡುವ ಗಿಡ. ಆದರೆ ದನಕರುಗಳಿರುವ ಮನೆಯವರು ಇದನ್ನು ನೆಡುವ ಮುನ್ನ ಯೋಚಿಸಬೇಕು. ಇದರ ಎಲೆ, ಕಾಂಡ, ಹೂ, ಬೇರು ಎಲ್ಲವೂ ವಿಷ. ಹಳದಿ ಕಣಗಿಲೆಯೂ ಹಾಗೆಯೇ. ಈ ವಿಷ ನೇರವಾಗಿ ಹೃದಯದ ಬಡಿತವನ್ನು ಕೆಡಿಸುತ್ತದೆ. ಒಂದು ಹಿಡಿ ಎಲೆ ದೊಡ್ಡ ಹಸುವನ್ನು ಕೊಲ್ಲಬಲ್ಲದು.

ಹಸಿ ಎಲೆ ಕಹಿಯಾದುದರಿಂದ ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಪಾಯ ಬರುವುದು ಸವರಿ ಹಾಕಿದ ರೆಂಬೆಯಿಂದ. ನಾನು ಕಂಡ ಒಂದು ಮನೆಯಲ್ಲಿ ಹಬ್ಬಕ್ಕೆ ಅಂಗಳ ಚೊಕ್ಕಟ ಮಾಡುವಾಗ ಕಣಗಿಲೆ ಸವರಿ ರೆಂಬೆಗಳನ್ನು ಹುಲ್ಲಿನ ಬಣವೆಯ ಪಕ್ಕ ರಾಶಿ ಹಾಕಿದ್ದರು. ನಾಲ್ಕು ದಿನಕ್ಕೆ ಒಣಗಿದ ಎಲೆ ಹುಲ್ಲಿನೊಂದಿಗೆ ಬೆರೆತು ಗೋದಲಿಗೆ ಹೋಯಿತು. ಬೆಳಗಾಗುವುದರೊಳಗೆ ಹಾಲು ಕೊಡುವ ಹಸು ಸತ್ತಿತ್ತು. ಹಾವು ಕಡಿಯಿತೆಂದೇ ಅವರು ತಿಳಿದಿದ್ದರು; ಗೋದಲಿಯಲ್ಲಿ ಉಳಿದ ಮೇವನ್ನು ಕೆದಕಿದಾಗ ಉದ್ದನೆಯ ಎಲೆಗಳು ಸಿಕ್ಕವು. ಒಣಗಿದರೂ ಎಲೆಯ ವಿಷ ಹೋಗುವುದಿಲ್ಲ ಎಂಬ ಒಂದು ಮಾತು ಆ ಮನೆಗೆ ತಿಳಿದಿದ್ದರೆ ಹಸು ಉಳಿಯುತ್ತಿತ್ತು.

ಇದ್ದ ಗಿಡವನ್ನು ಉಳಿಸಿಕೊಳ್ಳುವುದಾದರೆ ಕೊಟ್ಟಿಗೆ, ಬಣವೆ, ನೀರಿನ ತೊಟ್ಟಿಗಳಿಂದ ದೂರವಿರಲಿ. ಸವರಿದುದನ್ನು ಅಂದೇ ಗುಂಡಿ ತೋಡಿ ಹೂಳಬೇಕು. ಒಲೆಗೆ ಹಾಕಬಾರದು, ಹೊಗೆಯೂ ಕೆಟ್ಟದ್ದು. ದನ ತಿಂದಿದೆಯೆಂಬ ಸಂಶಯ ಬಂದರೆ, ಜೊಲ್ಲು, ಭೇದಿ, ತತ್ತರಿಕೆ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಬೇಕು. ಮಕ್ಕಳಿಗೂ ಈ ಗಿಡವನ್ನು ತೋರಿಸಿ ತಿಳಿಹೇಳಬೇಕು.

ಸಸ್ಯ ಸಂರಕ್ಷಣೆ

ಹಿತ್ತಲಿನ ಹೂವು ಮುಡಿಗೇರುತ್ತದೆ, ಮಕ್ಕಳ ಕೈ ಸೇರುತ್ತದೆ. ಆದುದರಿಂದ ಹೊಲದ ಬೆಳೆಗೆ ತಂದ ಔಷಧಿಯನ್ನು ಇಲ್ಲಿಗೆ ಸಿಂಪಡಿಸಬಾರದು. ಹಳೆಯ ಪುಸ್ತಕಗಳಲ್ಲಿ ಕಾಣುವ ಔಷಧಿಗಳಲ್ಲಿ ಕೆಲವು ಇಂದು ಬಳಕೆಯಲ್ಲಿಲ್ಲ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧಿಸಿತು.

ದಾಸವಾಳದ ಚಿಗುರಿಗೆ ಬರುವ ಬಿಳಿ ಹಿಟ್ಟು ತಿಗಣೆಯನ್ನು ಆರಂಭದಲ್ಲಿಯೇ ಆ ತುದಿ ಕತ್ತರಿಸಿ ಹೂಳಿ ನಿವಾರಿಸಬಹುದು. ಇರುವೆಗಳು ಈ ತಿಗಣೆಗಳ ಸಿಹಿ ಅಂಟಿಗಾಗಿ ಅವನ್ನು ಕಾಪಾಡುತ್ತವೆ. ಇರುವೆ ಗೂಡು ತೆಗೆಯದೆ ತಿಗಣೆ ಹೋಗುವುದಿಲ್ಲ. ಮಲ್ಲಿಗೆಯ ಮೊಗ್ಗು ಕೊರೆಯುವ ಹುಳು ಬಂದರೆ ತೂತಾದ ಮೊಗ್ಗುಗಳನ್ನು ಕಿತ್ತು ನಾಶಪಡಿಸಿ, ಬುಡದ ಮಣ್ಣನ್ನು ಕೆದಕಬೇಕು. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸುವುದು ಈ ಕೀಟಗಳಿಗೆ ಸಹಕಾರಿ. ಬೇಸಿಗೆಯಲ್ಲಿ ಎಲೆಯಡಿ ಕೆಂಪು ನುಸಿ ಹೆಚ್ಚಾದರೆ ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಸಿಂಪಡಿಸಬಹುದು, ಉರಿಬಿಸಿಲಿನಲ್ಲಿ ಬೇಡ. ಎಳೆಯ ಎಲೆ ಹಳದಿಯಾಗಿದ್ದರೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕೊಡಿ. ನೀರು ನಿಲ್ಲುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಅರ್ಧ ಗುಂಟೆಯ ಹೂದೋಟ

ಅರ್ಧ ಗುಂಟೆ ಎಂದರೆ ಸುಮಾರು 50 ಚದರ ಮೀಟರ್. ಇಷ್ಟು ಜಾಗದಲ್ಲಿ 4 ದುಂಡು ಮಲ್ಲಿಗೆ, 2 ಜಾಜಿ, 20 ಕನಕಾಂಬರ, 40 ಸುಗಂಧರಾಜದ ಗೆಡ್ಡೆ, 20 ಸೇವಂತಿಗೆ, 2 ದಾಸವಾಳ, ಒಂದು ನಂದಿಬಟ್ಟಲು, ಒಂದು ಪಾರಿಜಾತ ಹಿಡಿಸುತ್ತವೆ. ಓಡಾಡಲು ದಾರಿಯೂ ಉಳಿಯುತ್ತದೆ. ಎತ್ತರದ ಗಿಡಗಳನ್ನು ಉತ್ತರ ಮತ್ತು ಪಶ್ಚಿಮದ ಅಂಚಿಗೆ, ಗಿಡ್ಡವಾದವನ್ನು ಪೂರ್ವ ಮತ್ತು ದಕ್ಷಿಣಕ್ಕೆ ನೆಟ್ಟರೆ ನೆರಳಿನ ತೊಂದರೆ ಕಡಿಮೆ. ಬೇಸಿಗೆಯಲ್ಲಿ ಮಲ್ಲಿಗೆ, ಮಳೆಗಾಲದಲ್ಲಿ ಜಾಜಿ ಮತ್ತು ಸುಗಂಧರಾಜ, ಮಳೆಗಾಲದ ಕೊನೆಗೆ ಪಾರಿಜಾತ, ಚಳಿಗಾಲದಲ್ಲಿ ಸೇವಂತಿಗೆ, ನಡುನಡುವೆ ಕನಕಾಂಬರ ಮತ್ತು ದಾಸವಾಳ: ಹೀಗೆ ಹೂವಿಲ್ಲದ ತಿಂಗಳೇ ಇರುವುದಿಲ್ಲ.

ವರ್ಷದ ಕೆಲಸಗಳು

ಏಪ್ರಿಲ್ - ಮೇ: ಗುಣಿ ತೋಡುವುದು, ಬುಡಕ್ಕೆ ಒಣಎಲೆ ಮುಚ್ಚುವುದು, ಮಲ್ಲಿಗೆ ಬಿಡಿಸುವುದು.

ಜೂನ್ - ಜುಲೈ: ಹೊಸ ಗಿಡ, ಗೆಡ್ಡೆ, ಸೇವಂತಿಗೆ ಮರಿ ನೆಡುವುದು, ಮಲ್ಲಿಗೆಗೆ ಎರಡನೆಯ ಕಂತಿನ ಗೊಬ್ಬರ, ನಾಲ್ಕು ವಾರಕ್ಕೆ ಸೇವಂತಿಗೆಯ ತುದಿ ಚಿವುಟುವುದು.

ಆಗಸ್ಟ್ - ಸೆಪ್ಟೆಂಬರ್: ಕಳೆ ತೆಗೆದು ನೀರು ಬಸಿಯಲು ಕಾಲುವೆ ಮಾಡುವುದು.

ಅಕ್ಟೋಬರ್: ಗುಲಾಬಿ ಸವರುವುದು.

ನವೆಂಬರ್ - ಡಿಸೆಂಬರ್: ದುಂಡು ಮಲ್ಲಿಗೆ, ಅನಂತರ ಜಾಜಿ ಸವರುವುದು, ಮೊದಲ ಕಂತಿನ ಗೊಬ್ಬರ.

ಜನವರಿ - ಮಾರ್ಚ್: ಸೇವಂತಿಗೆಯ ಮರಿ ಬೇರ್ಪಡಿಸುವುದು, ಹಳೆಯ ಸುಗಂಧರಾಜದ ಗೆಡ್ಡೆ ಅಗೆಯುವುದು.

ಕೊನೆಯದಾಗಿ ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಮಾತು. ಹಿತ್ತಲನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ತರಬೇತಿಯ ದಿನ ಗಂಡಸರನ್ನು ಮಾತ್ರ ಜಗಲಿಯಲ್ಲಿ ಕೂರಿಸಿ ಸವರುವುದನ್ನು ಹೇಳಿಬಂದರೆ ಗಿಡ ಹಾಗೆಯೇ ಉಳಿಯುತ್ತದೆ. ಅವರನ್ನು ಗಿಡದ ಬಳಿಗೇ ಕರೆದು, ಅವರ ಕೈಗೇ ಕತ್ತರಿ ಕೊಟ್ಟು, ಮೊದಲ ರೆಂಬೆಯನ್ನು ಅವರಿಂದಲೇ ಕತ್ತರಿಸಿಸಿ. ಒಮ್ಮೆ ಕತ್ತರಿಸಿದ ಗಿಡ ಚಿಗುರಿ ಹೂ ಬಿಟ್ಟುದನ್ನು ಕಂಡವರು ಅಕ್ಕಪಕ್ಕದ ನಾಲ್ಕು ಮನೆಗಳಿಗೆ ತಾವೇ ಹೇಳಿಕೊಡುತ್ತಾರೆ. ಈ ಮುಂಗಾರಿಗೆ ಮುನ್ನ ಹಿತ್ತಲಿನಲ್ಲಿ ಎರಡು ಗುಣಿಯನ್ನಾದರೂ ತೋಡಿ ಸಿದ್ಧಪಡಿಸಿಕೊಳ್ಳಿ.